ಚೀಲದಲ್ಲಿ ಬಂದಿದ್ದು ಕಾಟ್ಲಾನಾ, ಜಿಲೇಬಿನಾ? ಕೆರೆಗೆ ಬಿಡೋ ಮುಂಚೆ ಮರಿ ಗುರುತಿಸದಿದ್ರೆ ವರ್ಷದ ಲೆಕ್ಕವೇ ಉಲ್ಟಾ

ಶಿವಮೊಗ್ಗ: ಮುಂಗಾರು ಹಿಡಿದು ಕೆರೆಗೆ ನೀರು ಬರೋಕೆ ಶುರುವಾಯ್ತು ಅಂದ್ರೆ ಸಾಕು, ಸೊರಬ, ಶಿಕಾರಿಪುರದ ಕಡೆ ಕೆರೆ ಏರಿ ಮೇಲೆ ಪಿಕಪ್ ವಾಹನಗಳು ಬಂದು ನಿಲ್ಲುತ್ತವೆ. ಒಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು. ಚೀಲದ ತಳದಲ್ಲಿ ಒಂದಷ್ಟು ನೀರು, ನೀರಿನಲ್ಲಿ ಜೀರಿಗೆ ಕಾಳಿನಿಂದ ಹಿಡಿದು ಬೆರಳಿನಷ್ಟು ಉದ್ದದ ಮೀನುಮರಿ. ಗಂಟು ಬಿಚ್ಚಿ, ಕೆರೆಗೆ ಸುರಿದು, ಫೋಟೊ ತೆಗೆಸಿಕೊಂಡು ಹೊರಡುವುದಕ್ಕೆ ಹತ್ತು ನಿಮಿಷ ಸಾಕು.

ಆ ಹತ್ತು ನಿಮಿಷದಲ್ಲಿ ಒಂದು ವರ್ಷದ ವ್ಯಾಪಾರ ತೀರ್ಮಾನ ಆಗಿಬಿಡುತ್ತೆ. ಚೀಲದಲ್ಲಿ ಇದ್ದದ್ದು ನಿಜವಾಗ್ಲೂ ಕಾಟ್ಲಾನಾ, ರೋಹುನಾ? ಹೇಳಿದಷ್ಟು ದೊಡ್ಡ ಮರಿನಾ? ನಡುವೆ ಜಿಲೇಬಿ ಮರಿ ಸೇರಿಕೊಂಡಿತ್ತಾ? ಇದಕ್ಕೆಲ್ಲ ಉತ್ತರ ಸಿಗೋದು ಎಂಟು-ಹತ್ತು ತಿಂಗಳು ಕಳೆದು ಬಲೆ ಎಳೆದಾಗ. ಅಷ್ಟೊತ್ತಿಗೆ ಕೇಳೋದಕ್ಕೆ ಮರಿ ಕೊಟ್ಟವರೂ ಇರಲ್ಲ, ತೋರಿಸೋದಕ್ಕೆ ಸಾಕ್ಷಿಯೂ ಇರಲ್ಲ.

ಬಿತ್ತನೆ ಭತ್ತ ತರುವಾಗ ರೈತರು ಕಾಳನ್ನು ಅಂಗೈಗೆ ಹಾಕಿಕೊಂಡು ನೋಡ್ತಾರೆ, ಚೀಲದ ಮೇಲಿನ ಚೀಟಿ ಓದ್ತಾರೆ. ಮೀನುಮರಿಯನ್ನೂ ಸರ್ಕಾರಿ ಭಾಷೆಯಲ್ಲಿ ಬಿತ್ತನೆ ಅಂತಲೇ ಕರೆಯೋದು. ಆದರೆ ಅಂಗೈಗೆ ಹಾಕಿಕೊಂಡು ನೋಡೋ ಅಭ್ಯಾಸ ಇಲ್ಲಿ ಬೆಳೆದಿಲ್ಲ. ಕಾರಣ ಸರಳ. ಮರಿ ತೀರಾ ಸಣ್ಣದು, ಎಲ್ಲವೂ ಒಂದೇ ಥರ ಕಾಣುತ್ತೆ ಅನ್ನೋ ಭಾವನೆ. ಅದು ಅರ್ಧ ಮಾತ್ರ ನಿಜ. ಒಂದು ಹಂತದವರೆಗೆ ಬರಿಗಣ್ಣಿಗೆ ಗುರುತು ಸಿಗೋದೇ ಇಲ್ಲ. ಆ ಹಂತ ದಾಟಿದ ಮೇಲೆ ಒಂದು ಬಿಳಿ ತಟ್ಟೆ ಮತ್ತು ಮೊಬೈಲ್ ಕ್ಯಾಮೆರಾ ಇದ್ದರೆ ಬಹುಪಾಲು ಗುರುತು ಹಿಡಿಯಬಹುದು.

ಪಣಕ್ಕಿರೋದು ಯಾರ ದುಡ್ಡು?

ಕೆರೆ ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘದ್ದು ಮೊದಲ ದುಡ್ಡು. ಪಂಚಾಯಿತಿ ಕೆರೆಯಾದರೆ ಅದರ ಹರಾಜಿನ ಆದಾಯವೂ ಇದರ ಮೇಲೆಯೇ ನಿಂತಿದೆ. ಈ ವರ್ಷ ಮೀನು ಬರದಿದ್ದರೆ ಮುಂದಿನ ಹರಾಜಿಗೆ ಯಾರೂ ಜಾಸ್ತಿ ಕೂಗಲ್ಲ. ಆಮೇಲೆ ಬಲೆ ಎಳೆಯೋ ಕೂಲಿಯವರು, ಐಸ್ ಅಂಗಡಿ, ಹಿಂಡಿ-ತೌಡಿನ ಅಂಗಡಿ, ಸಂತೆಯಲ್ಲಿ ಮೀನು ಮಾರೋ ಹೆಂಗಸರು, ಮೀನೂಟದ ಹೋಟೆಲ್. ಎರಡು ಕೆಜಿ ಕಾಟ್ಲಾಕ್ಕೆ ಸಿಗೋ ಗಿರಾಕಿ ಬೇರೆ, ಅಂಗೈಯಗಲದ ಜಿಲೇಬಿಗೆ ಸಿಗೋ ದರ ಬೇರೆ ಅನ್ನೋದು ಮೀನಿನಂಗಡಿಯವರಿಗೆ ಹೇಳಿಕೊಡಬೇಕಾದ ವಿಷಯ ಅಲ್ಲ.

ಜಾತಿ ಸರಿಯಾಗಿರಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲ್ನೀರಿನಲ್ಲಿ ಮೇಯುತ್ತೆ. ರೋಹು ನಡುನೀರಿನದ್ದು. ಮೃಗಾಲ್ ತಳ ಕೆದಕಿ ತಿನ್ನೋದು. ಮೂರನ್ನೂ ಲೆಕ್ಕ ಹಾಕಿ ಬಿಟ್ಟರೆ ಒಂದೇ ಕೆರೆಯ ಮೂರು ಅಂತಸ್ತಿನ ಮೇವೂ ಬಳಕೆಯಾಗುತ್ತೆ. ಮೂರು ಜಾತಿಯ ಸಾಕಣೆಗೆ ಸಾಮಾನ್ಯವಾಗಿ ಹೇಳೋ ಅನುಪಾತ 4:3:3. ಅಂದರೆ ಒಂದು ಹೆಕ್ಟೇರ್ ಕೊಳಕ್ಕೆ 5,000 ಮರಿ ಬಿಡೋದಾದ್ರೆ 2,000 ಕಾಟ್ಲಾ, 1,500 ರೋಹು, 1,500 ಮೃಗಾಲ್. ಚೀಲದಲ್ಲಿ ಬಂದಿದ್ದು ಬಹುಪಾಲು ಮೃಗಾಲ್ ಆಗಿದ್ದರೆ ತಳದಲ್ಲಿ ಕಿತ್ತಾಟ, ಮೇಲೆ ಮೇವು ಹಾಗೇ ಉಳಿಯುತ್ತೆ. ಮೀನು ಸಾಯಲ್ಲ, ಆದರೆ ತೂಕ ಬರಲ್ಲ. ಮಾಲೀಕರು ಮಾತ್ರ ನೀರು ಸರಿ ಇಲ್ಲ, ಮೇವು ಸರಿ ಇಲ್ಲ ಅಂತ ಬೇರೆ ಕಡೆ ತಪ್ಪು ಹುಡುಕ್ತಾ ಕೂರ್ತಾರೆ.

ಮೊಟ್ಟೆಯಿಂದ ಬೆರಳುದ್ದದವರೆಗೆ

ಮರಿ ಮಾರಾಟದಲ್ಲಿ ಮೂರು ಹೆಸರು ಓಡಾಡುತ್ತೆ: ಸ್ಪಾನ್, ಫ್ರೈ, ಫಿಂಗರ್ಲಿಂಗ್. ಮೋಸ ಆಗೋದೂ, ತಪ್ಪು ತಿಳಿವಳಿಕೆ ಆಗೋದೂ ಹೆಚ್ಚಾಗಿ ಈ ಮೂರರ ನಡುವೆಯೇ.

ಕಾಟ್ಲಾ, ರೋಹು, ಮೃಗಾಲ್ ಮೊಟ್ಟೆಗಳು ಅಂಟೋದಿಲ್ಲ. ನೀರು ಹೀರಿಕೊಂಡು ಉಬ್ಬಿ ಸಾಬಕ್ಕಿ ಕಾಳಿನ ಹಾಗೆ ಪಾರದರ್ಶಕವಾಗಿ ಬಿಡಿಬಿಡಿಯಾಗಿರುತ್ತವೆ. ನಮ್ಮ ಕಡೆಯ ಮಳೆಗಾಲದ ಬಿಸುಪಿನ ನೀರಿನಲ್ಲಿ ಸುಮಾರು 15ರಿಂದ 18 ಗಂಟೆಯಲ್ಲಿ ಒಡೆದು ಮರಿಯಾಗುತ್ತೆ. ಸಾಮಾನ್ಯ ಗೆಂಡೆಯ ಮೊಟ್ಟೆ ಹಾಗಲ್ಲ. ಅದು ಸಣ್ಣದು, ಜೊಂಡು, ಬೇರು, ಹುಲ್ಲಿಗೆ ಅಂಟಿಕೊಳ್ಳುತ್ತೆ, ಮರಿಯಾಗೋಕೆ ಎರಡು-ಮೂರು ದಿನ ಬೇಕು. ಹಾಗಾಗಿಯೇ ಸಾಮಾನ್ಯ ಗೆಂಡೆ ಗಿಡಗಂಟಿ ಇರೋ ನಿಂತ ನೀರಿನಲ್ಲೂ ಮರಿ ಮಾಡಬಲ್ಲದು. ಕಾಟ್ಲಾ, ರೋಹುಗೆ ನದಿಯ ನೆರೆ ಬೇಕು. ನಮ್ಮ ಕೆರೆಗಳಲ್ಲಿ ಅವು ಬೆಳೆಯುತ್ತವೆ, ಆದರೆ ಸಂತಾನ ಮಾಡಲ್ಲ. ಪ್ರತಿ ವರ್ಷ ಹೊಸದಾಗಿ ಮರಿ ತರಲೇಬೇಕಾದದ್ದು ಅದಕ್ಕೇ.

ಒಡೆದ ಮರಿಗೆ ಮೊದಲ ಮೂರು ದಿನ ಬಾಯಿಯ ಕೆಲಸವೇ ಇಲ್ಲ. ಹೊಟ್ಟೆಗೆ ಅಂಟಿದ ಬುತ್ತಿ, ಅಂದರೆ ಭಂಡಾರದ ಚೀಲ, ಅದರಿಂದಲೇ ಜೀವನ. ಬುತ್ತಿ ಮುಗಿದ ಮೇಲೆ ಮಾರಾಟಕ್ಕೆ ಬರೋದೇ ಸ್ಪಾನ್. ಉದ್ದ 5ರಿಂದ 8 ಮಿಲಿಮೀಟರ್. ನರ್ಸರಿ ಕೊಳದಲ್ಲಿ ಕಡಲೆಕಾಯಿ ಹಿಂಡಿ, ತೌಡು ಕೊಟ್ಟು 15-20 ದಿನ ಸಾಕಿದರೆ 20-25 ಮಿಲಿಮೀಟರ್ ಆಗುತ್ತೆ. ಇದು ಫ್ರೈ. ಇನ್ನೂ ಎರಡು-ಮೂರು ತಿಂಗಳು ಸಾಕಿದರೆ 8-10 ಸೆಂಟಿಮೀಟರ್ ದಾಟುತ್ತೆ. ಅದೇ ನಿಜವಾದ ಅರ್ಥದಲ್ಲಿ ಬೆರಳುದ್ದದ ಮರಿ, ಫಿಂಗರ್ಲಿಂಗ್.

ಈ ಲೆಕ್ಕ ಯಾಕೆ ಮುಖ್ಯ ಅಂದರೆ, ಚೆನ್ನಾಗಿ ನೋಡಿಕೊಂಡ ನರ್ಸರಿಯಲ್ಲೂ ಸ್ಪಾನ್‌ನಿಂದ ಫ್ರೈ ಆಗೋವರೆಗೆ ಬದುಕುಳಿಯೋದು ಸುಮಾರು 30ರಿಂದ 50 ಪರ್ಸೆಂಟ್. ಫ್ರೈಯಿಂದ ಫಿಂಗರ್ಲಿಂಗ್‌ಗೆ 60-70 ಪರ್ಸೆಂಟ್. ಒಂದು ಲಕ್ಷ ಸ್ಪಾನ್‌ನಿಂದ ಶುರು ಮಾಡಿದರೆ ಕೊನೆಗೆ ಕೈಗೆ ಸಿಗೋ ದೊಡ್ಡ ಮರಿ 18 ಸಾವಿರದಿಂದ 35 ಸಾವಿರ. ಇದು ಕಪ್ಪೆ, ನೀರುಹುಳ, ಬೇಟೆ ಮೀನು ಇಲ್ಲದ ಕೊಳದ ಮಾತು. ಕೊರವ ಇರೋ ಹಳೇ ಕೆರೆಗೆ ನೇರವಾಗಿ ಸ್ಪಾನ್ ಸುರಿದರೆ ಅದು ಬಿತ್ತನೆ ಅಲ್ಲ, ಕೊರವನಿಗೆ ಊಟ.

ಹಾಗಾಗಿ ಚೀಲ ಬಿಚ್ಚಿದಾಗ ಮೊದಲ ಕೆಲಸ ಜಾತಿ ನೋಡೋದಲ್ಲ, ಸ್ಕೇಲ್ ಹಿಡಿದು ಉದ್ದ ನೋಡೋದು. ಫಿಂಗರ್ಲಿಂಗ್ ದರಕ್ಕೆ ಒಂದಿಂಚಿನ ಮರಿ ಬಂದಿದ್ದರೆ ಅಲ್ಲೇ ಅರ್ಧ ಲೆಕ್ಕ ತಪ್ಪಿದ ಹಾಗೆ.

ಗುರುತು ಹಿಡಿಯೋದು ಹೇಗೆ?

ಸ್ಪಾನ್ ಹಂತದಲ್ಲಿ ಬರಿಗಣ್ಣಿಗೆ ಜಾತಿ ಗೊತ್ತಾಗಲ್ಲ. ಯಾರಾದ್ರೂ ಚೀಲ ಎತ್ತಿ ಬೆಳಕಿಗೆ ಹಿಡಿದು 'ಇದು ಪಕ್ಕಾ ಕಾಟ್ಲಾ' ಅಂದರೆ ಅದು ಅನುಭವದ ಊಹೆ ಅಷ್ಟೇ. ಒಂದಿಂಚಿನ ಸುಮಾರಿಗೆ ಬಂದ ಫ್ರೈಯಿಂದ ಗುರುತು ಶುರುವಾಗುತ್ತೆ. ಬಿಳಿ ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ, ಮರಿ ಬಿಟ್ಟು, ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಬೇಕು.

ಕಾಟ್ಲಾ: ತಲೆ ಮೈಗಿಂತ ದೊಡ್ಡದು ಅನ್ನಿಸುವಷ್ಟು ದಪ್ಪ. ಮೈ ಅಗಲ. ಮೀಸೆ ಇಲ್ಲ. ಕಿವಿರಿನ ಮುಚ್ಚಳದ ಹತ್ತಿರ ಕೆಂಪು ಛಾಯೆ. ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇಲ್ಲ.

ರೋಹು: ಮೈ ಕಾಟ್ಲಾಗಿಂತ ತೆಳು. ಬಾಲದ ಬುಡದಲ್ಲಿ ಅಡ್ಡಪಟ್ಟಿಯ ಹಾಗೆ ಕಪ್ಪು ಗುರುತು. ಸ್ವಲ್ಪ ಬೆಳೆದ ಮರಿಯಲ್ಲಿ ತುಟಿಯ ಅಂಚು ಜಾಲರಿ ಕಟ್ಟಿದ ಹಾಗೆ ಕಾಣುತ್ತೆ.

ಮೃಗಾಲ್: ಮೂರರಲ್ಲಿ ಅತಿ ಸಪೂರ, ಉದ್ದ ಮೈ. ಬಾಲದ ಬುಡದ ಗುರುತು ತ್ರಿಕೋನದಂತೆ. ತುಟಿ ತೆಳು, ಜಾಲರಿ ಇಲ್ಲ.

ಸಾಮಾನ್ಯ ಗೆಂಡೆ: ಬೆನ್ನಿನ ರೆಕ್ಕೆ ನೋಡಿದರೆ ಸಾಕು. ಬೇರೆಯವುಗಳದ್ದು ಗಿಡ್ಡ, ಇದರದ್ದು ಬೆನ್ನಿನ ಉದ್ದಕ್ಕೂ ಹೋಗುತ್ತೆ. ಬಾಯಿಯ ಹತ್ತಿರ ಎರಡು ಜೊತೆ ಮೀಸೆ.

ಹುಲ್ಲುಗೆಂಡೆ: ಕೊಳವೆಯಂತೆ ಗುಂಡು ಮೈ, ಗಿಡ್ಡ ಬೆನ್ನುರೆಕ್ಕೆ, ಮೀಸೆ ಇಲ್ಲ. ಬೆಳ್ಳಿಗೆಂಡೆ: ತುಂಬ ಸಣ್ಣ ಹುರುಪೆ, ಕಣ್ಣು ತಲೆಯ ಕೆಳಭಾಗಕ್ಕೆ ಇಳಿದ ಹಾಗೆ, ಹೊಟ್ಟೆಯ ಅಡಿ ಚೂಪು.

ಇಲ್ಲೊಂದು ಎಚ್ಚರ. ಬಾಲದ ಚುಕ್ಕೆ ಒಂದನ್ನೇ ನಂಬಬಾರದು. ನಮ್ಮ ಗದ್ದೆ, ಹಳ್ಳಗಳಲ್ಲಿರೋ ಎಷ್ಟೋ ಪುಟ್ಟ ಮೀನುಗಳಿಗೆ ದೊಡ್ಡವಾದ ಮೇಲೂ ಬಾಲದ ಬುಡದಲ್ಲಿ ಚುಕ್ಕೆ ಇರುತ್ತೆ. ಎಳೆಯ ಮಹಶೀರ್‌ಗೂ ಇರುತ್ತೆ. ತಲೆ, ಮೈಯ ಆಕಾರ, ಬಾಯಿ, ಬೆನ್ನುರೆಕ್ಕೆ, ಚುಕ್ಕೆ ಎಲ್ಲವನ್ನೂ ಸೇರಿಸಿ ನೋಡಿದರೆ ಮಾತ್ರ ಗುರುತು ಗಟ್ಟಿ.

ಇಬ್ಬರು ಬೇಡದ ಅತಿಥಿಗಳು

ಗೆಂಡೆ ಮರಿಗಳಲ್ಲಿ ಅನುಪಾತ ಹೆಚ್ಚು ಕಮ್ಮಿಯಾದರೆ ಆಗೋ ನಷ್ಟ ಒಂದು ವರ್ಷದ್ದು. ಬೇರೆ ಎರಡು ಮೀನು ಸೇರಿಕೊಂಡರೆ ಆಗೋ ನಷ್ಟಕ್ಕೆ ವರ್ಷದ ಲೆಕ್ಕ ಇಲ್ಲ.

ಒಂದು ಜಿಲೇಬಿ, ಅಂದರೆ ತಿಲಾಪಿಯ. ಆಫ್ರಿಕಾ ಮೂಲದ ಈ ಮೀನು 1952ರಲ್ಲಿ ಭಾರತಕ್ಕೆ ಬಂತು. ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯೊಳಗೆ ಇಟ್ಟುಕೊಂಡು ಕಾಯುತ್ತೆ. ಅದಕ್ಕೇ ಮರಿ ಸಾಯೋದು ಕಮ್ಮಿ. ಎರಡು-ಮೂರು ತಿಂಗಳಿಗೇ ಮೈನೆರೆದು ಮತ್ತೆ ಮರಿ ಮಾಡೋಕೆ ಶುರು. ಕೆರೆ ತುಂಬ ಸಣ್ಣ ಮೀನೇ ಆಗಿ ಗೆಂಡೆಗಳ ಮೇವು ಖಾಲಿ. ಗುರುತು ಸುಲಭ: ಮೈ ಮೇಲೆ ಅಡ್ಡಗೆರೆಗಳು, ಬೆನ್ನುರೆಕ್ಕೆಯ ಮುಂಭಾಗ ಪೂರ್ತಿ ಮುಳ್ಳು, ಹಿಂಭಾಗದಲ್ಲಿ ಒಂದು ಕಪ್ಪು ಬೊಟ್ಟು. ಅನುಮತಿ ಪಡೆದು ಪ್ರತ್ಯೇಕ ಕೊಳದಲ್ಲಿ ಸುಧಾರಿತ ತಿಲಾಪಿಯ ಸಾಕೋದು ಬೇರೆ ವಿಚಾರ. ಊರ ಕೆರೆಗೆ ಗೊತ್ತಿಲ್ಲದೆ ಸೇರಿಕೊಳ್ಳೋದು ಬೇರೆ ವಿಚಾರ.

ಇನ್ನೊಂದು ಆಫ್ರಿಕನ್ ಕ್ಯಾಟ್‌ಫಿಶ್. ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ಕೊಳಕು ನೀರಿನಲ್ಲೂ ಗಾಳಿ ಕುಡಿದು ಬದುಕುತ್ತೆ, ಸಿಕ್ಕ ಮೀನನ್ನೆಲ್ಲ ತಿನ್ನುತ್ತೆ. ಕಷ್ಟ ಏನಂದ್ರೆ, ನಮ್ಮದೇ ನಾಟಿ ಮಾಗುರ್ ಮೀನು ಇದರ ಹತ್ತಿರದ ಸಂಬಂಧಿ. ಇಬ್ಬರಿಗೂ ನಾಲ್ಕು ಜೊತೆ ಮೀಸೆ, ಉದ್ದನೆಯ ಬೆನ್ನುರೆಕ್ಕೆ. ದೊಡ್ಡವಾದ ಮೇಲೆ ತಲೆಯ ಹಿಂಭಾಗದ ಮೂಳೆ ನೋಡಿ ಬೇರ್ಪಡಿಸ್ತಾರೆ. ನಾಟಿಯದ್ದು ಚೂಪು, ಆಫ್ರಿಕನ್‌ನದ್ದು ಅಗಲವಾಗಿ ಬಾಗಿರುತ್ತೆ. ಮರಿಯಲ್ಲಿ ಇದನ್ನು ಏರಿ ಮೇಲೆ ನಿಂತು ನೋಡಿ ಹೇಳೋದು ಆಗದ ಮಾತು. ಹಾಗಾಗಿ ನಿಯಮ ಒಂದೇ: ಗೆಂಡೆ ಮರಿಯ ಚೀಲದಲ್ಲಿ ಉದ್ದ ಮೀಸೆಯ, ಹುರುಪೆ ಇಲ್ಲದ, ಚಪ್ಪಟೆ ತಲೆಯ ಒಂದೇ ಒಂದು ಮರಿ ಕಂಡರೂ ಆ ಚೀಲ ಕೆರೆಗೆ ಇಳಿಯಬಾರದು.

ಬೆರಕೆ ಬರೋದು ಎಲ್ಲಿಂದ?

ಬೆರಕೆ ಅನ್ನೋದು ಹೊಸ ಕಾಯಿಲೆ ಅಲ್ಲ. ಮೊದಲು ಮೀನುಮರಿ ಸಿಗ್ತಿದ್ದದ್ದು ನದಿಯಿಂದ. ಗಂಗಾ, ಬ್ರಹ್ಮಪುತ್ರ ಬಯಲಿನಲ್ಲಿ ನೆರೆ ಬಂದಾಗ ತೆಳು ಬಲೆ ಕಟ್ಟಿ ಹರಿದು ಬರೋ ಮರಿ ಹಿಡಿದು ದೂರದ ಊರುಗಳಿಗೆ ಕಳಿಸ್ತಿದ್ರು. ಅದರಲ್ಲಿ ಗೆಂಡೆ ಮರಿಯ ಜೊತೆ ಗೆಂಡೆ ತಿನ್ನೋ ಮೀನಿನ ಮರಿಯೂ ಇರ್ತಿತ್ತು. ಸಣ್ಣ ಮರಿಯನ್ನು ನೋಡಿ ಇದು ಯಾವ ಜಾತಿ ಅಂತ ಹೇಳೋ ವಿದ್ಯೆ ನಮ್ಮ ದೇಶದಲ್ಲಿ ಬೆಳೆಯೋದಕ್ಕೆ ಈ ವ್ಯಾಪಾರವೇ ದೊಡ್ಡ ಕಾರಣ.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಹೋದ್ಯೋಗಿಗಳು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚುಮದ್ದಾಗಿ ಕೊಟ್ಟು ಗೆಂಡೆ ಮೀನು ಮರಿ ಮಾಡುವಂತೆ ಮಾಡಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸ್ತಾರೆ. ಅಲ್ಲಿಂದ ನದಿಯನ್ನು ಕಾಯೋದು ತಪ್ಪಿತು. ಭದ್ರಾ ಅಣೆಕಟ್ಟಿನ ಕೆಳಗೆ ಬಿ.ಆರ್.ಪಿ.ಯಲ್ಲಿರೋ ಮೀನುಮರಿ ಕೇಂದ್ರದಂಥ ಸರ್ಕಾರಿ ಕೇಂದ್ರಗಳಲ್ಲಿ ಮರಿ ಉತ್ಪಾದನೆ ಸಾಧ್ಯವಾದದ್ದು ಈ ದಾರಿಯಿಂದಲೇ.

ತಾಯಿ-ತಂದೆ ಯಾರು ಅಂತ ಗೊತ್ತಿದ್ದರೆ ಮರಿಯ ಜಾತಿ ಕೇಳೋ ಪ್ರಶ್ನೆಯೇ ಬರಬಾರದು. ಆದರೂ ಬರುತ್ತೆ. ಒಂದೇ ತೊಟ್ಟಿಯಲ್ಲಿ ಎರಡು-ಮೂರು ಜಾತಿಯ ತಾಯಿ ಮೀನು ಬಿಟ್ಟರೆ ಕಾಟ್ಲಾದ ಮೊಟ್ಟೆಗೆ ರೋಹುವಿನ ಬೀಜ ಸೇರಿ ಮಿಶ್ರತಳಿ ಹುಟ್ಟುತ್ತೆ. ಅದರ ತಲೆ ಕಾಟ್ಲಾದಷ್ಟು ದೊಡ್ಡದೂ ಅಲ್ಲ, ರೋಹುವಿನಷ್ಟು ಸಣ್ಣದೂ ಅಲ್ಲ. ತಟ್ಟೆಯಲ್ಲಿ ನೋಡಿ ಗುರುತು ಹಿಡಿಯೋಕೆ ಆಗಲ್ಲ. ಅದೇ ಮೀನನ್ನು ಮುಂದೆ ತಾಯಿ ಮೀನಾಗಿ ಇಟ್ಟುಕೊಂಡರೆ ತಳಿಯೇ ಕಲಸಿಹೋಗುತ್ತೆ. ನರ್ಸರಿ ಕೊಳವನ್ನು ಪೂರ್ತಿ ಒಣಗಿಸದೆ ಮುಂದಿನ ಬ್ಯಾಚ್ ಬಿಟ್ಟರೆ ಹಳೇ ಮರಿ ಉಳಿದುಕೊಂಡು ಬೆರಕೆ ಆಗುತ್ತೆ. ಕಾಲುವೆ ನೀರು ಸೋಸದೆ ಬಿಟ್ಟರೆ ಕಾಡು ಮೀನು ಒಳಗೆ ಬರುತ್ತೆ. ಮಧ್ಯವರ್ತಿ ಎರಡು ಕಡೆಯ ಮರಿ ಒಂದೇ ಡ್ರಮ್ಮಿಗೆ ಹಾಕಿದರೂ ಅಷ್ಟೇ. ಎಲ್ಲ ಬೆರಕೆಯೂ ಬೇಕಂತ ಮಾಡಿದ ಮೋಸ ಅಲ್ಲ. ಆದರೆ ನಷ್ಟ ಮಾತ್ರ ಯಾವಾಗಲೂ ಕೊನೆಯಲ್ಲಿ ಕೊಂಡವರದ್ದೇ.

ತಜ್ಞರು ಏನು ಮಾಡ್ತಾರೆ?

ಮೀನುಮರಿ ಗುರುತಿಸೋದು ತಜ್ಞರಿಗೂ ಸುಲಭದ ಕೆಲಸ ಅಲ್ಲ. ಮರಿ ದಿನದಿಂದ ದಿನಕ್ಕೆ ರೂಪ ಬದಲಿಸುತ್ತೆ. ಮೂರನೇ ದಿನದ ರೋಹುವಿಗೂ ಮೂವತ್ತನೇ ದಿನದ ರೋಹುವಿಗೂ ಹೋಲಿಕೆಯೇ ಇಲ್ಲ. ಹಾಗಾಗಿ ಅವರು ಗೊತ್ತಿರೋ ತಾಯಿ-ತಂದೆಯ ಮೊಟ್ಟೆಯಿಂದ ಶುರು ಮಾಡಿ, ಪ್ರತಿದಿನ ಕೆಲವು ಮರಿ ತೆಗೆದು ಚಿತ್ರ ಬರೆದು, ಅಳತೆ ಬರೆದಿಡ್ತಾರೆ. ನಮ್ಮ ಮನೆ ಮಕ್ಕಳ ಫೋಟೊ ಆಲ್ಬಂ ಇದ್ದ ಹಾಗೆ. ಆಮೇಲೆ ಎಲ್ಲೋ ಸಿಕ್ಕ ಮರಿಯನ್ನು ಆ ಆಲ್ಬಂ ಜೊತೆ ಹೋಲಿಸ್ತಾರೆ. ಬಣ್ಣದ ಚುಕ್ಕೆಗಳು ಎಲ್ಲೆಲ್ಲಿ ಮೂಡಿವೆ, ಭಂಡಾರದ ಚೀಲದ ಆಕಾರ ಹೇಗಿದೆ, ಮೈಯ ಮಾಂಸದ ಪದರಗಳು ಗುದದ್ವಾರಕ್ಕಿಂತ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಸೂಕ್ಷ್ಮದರ್ಶಕದಲ್ಲಿ ಎಣಿಸ್ತಾರೆ. ಆ ಪದರಗಳ ಸಂಖ್ಯೆ ಬೆನ್ನುಮೂಳೆಯ ಮಣಿಗಳ ಸಂಖ್ಯೆಗೆ ಹತ್ತಿರ ಇರೋದರಿಂದ ಮರಿ ಬೆಳೆದರೂ ಹೆಚ್ಚು ಬದಲಾಗಲ್ಲ.

ಅದೂ ಸಾಲದಿದ್ದರೆ ಡಿಎನ್‌ಎ. 2003ರಲ್ಲಿ ಶುರುವಾದ ಡಿಎನ್‌ಎ ಬಾರ್‌ಕೋಡ್ ವಿಧಾನದಲ್ಲಿ ಒಂದು ಮೊಟ್ಟೆ, ಒಂದು ಚೂರು ರೆಕ್ಕೆ ಇದ್ದರೂ ಜಾತಿ ಹೇಳಬಹುದು. 1983ರಲ್ಲಿ ಶುರುವಾದ, ಈಗ ಲಖನೌದಲ್ಲಿರೋ ರಾಷ್ಟ್ರೀಯ ಮೀನು ತಳಿ ಸಂಪನ್ಮೂಲ ಸಂಸ್ಥೆಯಲ್ಲಿ ಇಂಥ ಕೆಲಸ ನಡೆಯುತ್ತೆ. ಮಿಶ್ರತಳಿಗೆ ಮಾತ್ರ ಇದೊಂದೇ ಸಾಲದು. ಬಾರ್‌ಕೋಡ್ ತಾಯಿಯ ಕಡೆಯಿಂದ ಬರೋ ಡಿಎನ್‌ಎ ಓದೋದರಿಂದ, ತಾಯಿ ಕಾಟ್ಲಾ ಆಗಿದ್ದರೆ ಮಿಶ್ರತಳಿಯನ್ನೂ ಕಾಟ್ಲಾ ಅಂತಲೇ ತೋರಿಸುತ್ತೆ.

ಒಟ್ಟು ಅರ್ಥ ಇಷ್ಟೇ: ಸ್ಪಾನ್ ಮತ್ತು ಮಿಶ್ರತಳಿ ವಿಷಯದಲ್ಲಿ ಕೊಳ್ಳೋರ ಕಣ್ಣು ಕೆಲಸ ಮಾಡಲ್ಲ, ಅಲ್ಲಿ ಮೂಲವನ್ನೇ ನಂಬಬೇಕು. ಫ್ರೈ, ಫಿಂಗರ್ಲಿಂಗ್ ವಿಷಯದಲ್ಲಿ ಕಣ್ಣು ಕೆಲಸ ಮಾಡುತ್ತೆ, ಅಲ್ಲಿ ಬರೀ ನಂಬಿಕೆ ಸಾಲದು.

ಎಷ್ಟು ಮರಿ ನೋಡಿದರೆ ಸಾಕು?

ಹತ್ತು ಸಾವಿರ ಮರಿಯನ್ನು ಒಂದೊಂದಾಗಿ ನೋಡೋಕೆ ಯಾರಿಂದಲೂ ಆಗಲ್ಲ. ಬೇಕಾಗೂ ಇಲ್ಲ. ಸಾಮಾನ್ಯ ಲೆಕ್ಕ ಹೀಗಿದೆ. ಚೀಲದಲ್ಲಿ ನೂರಕ್ಕೆ ಹತ್ತು ಬೇರೆ ಜಾತಿ ಇದೆ ಅಂದುಕೊಳ್ಳಿ. ಕಣ್ಣು ಮುಚ್ಚಿ ಹತ್ತೇ ಮರಿ ತೆಗೆದು ನೋಡಿದರೆ ಒಂದೂ ಸಿಕ್ಕಿಬೀಳದೆ ತಪ್ಪಿಸಿಕೊಳ್ಳೋ ಸಾಧ್ಯತೆ ಸುಮಾರು 35 ಪರ್ಸೆಂಟ್. ಮೂವತ್ತು ಮರಿ ನೋಡಿದರೆ ಅದು 4 ಪರ್ಸೆಂಟ್‌ಗೆ ಇಳಿಯುತ್ತೆ. ಬೆರಕೆ ನೂರಕ್ಕೆ ಎರಡೇ ಇದ್ದರೆ ಮೂವತ್ತು ಸಾಲದು, ಅರ್ಧಕ್ಕರ್ಧ ಸಲ ತಪ್ಪಿಹೋಗುತ್ತೆ. ನೂರೈವತ್ತು ನೋಡಿದರೆ ಮಾತ್ರ ತಪ್ಪಿಹೋಗೋ ಸಾಧ್ಯತೆ 5 ಪರ್ಸೆಂಟ್ ಒಳಗೆ ಬರುತ್ತೆ.

ಅಂದರೆ ಗೆಂಡೆಗಳ ಅನುಪಾತ ನೋಡೋಕೆ ಬೇರೆ ಬೇರೆ ಚೀಲದಿಂದ ಮೂವತ್ತು-ನಲವತ್ತು ಮರಿ ಸಾಕು. ಜಿಲೇಬಿ, ಕ್ಯಾಟ್‌ಫಿಶ್ ಹುಡುಕೋಕೆ ನೂರೈವತ್ತಾದರೂ ನೋಡಬೇಕು. ಅವು ಕಣ್ಣಿಗೆ ಎದ್ದು ಕಾಣೋದರಿಂದ ಬಕೆಟ್‌ನಲ್ಲಿ ಒಟ್ಟಿಗೆ ನೋಡಿದರೂ ಆಗುತ್ತೆ. ಚೀಲವನ್ನು 15-20 ನಿಮಿಷ ಕೆರೆ ನೀರಿನಲ್ಲಿ ತೇಲಿಬಿಟ್ಟು ಬಿಸುಪು ಹೊಂದಿಸೋದು ಹೇಗೂ ಮಾಡಲೇಬೇಕಾದ ಕೆಲಸ. ಅದೇ ಸಮಯದಲ್ಲಿ ಈ ಪರೀಕ್ಷೆ ಮುಗಿಯುತ್ತೆ.

ಇನ್ನೂ ಗಟ್ಟಿ ಸಾಕ್ಷಿ ಬೇಕು ಅಂದರೆ, ಐವತ್ತು ಮರಿಯನ್ನು ಅದೇ ಕೆರೆಯ ಮೂಲೆಯಲ್ಲಿ ಹಾಪಾ ಕಟ್ಟಿ, ಅಂದರೆ ಸೊಳ್ಳೆಪರದೆಯಂಥ ಬಲೆಯ ಪೆಟ್ಟಿಗೆಯಲ್ಲಿ, ಒಂದು ತಿಂಗಳು ಬೇರೆ ಇಡಬಹುದು. ಒಂದು ತಿಂಗಳಲ್ಲಿ ಅನುಮಾನ ಇದ್ದ ಮರಿಯೂ ತನ್ನ ಜಾತಿ ತಾನೇ ಹೇಳುತ್ತೆ. ಹತ್ತು ತಿಂಗಳ ಬದಲು ಒಂದೇ ತಿಂಗಳಿಗೆ ಸತ್ಯ ಗೊತ್ತಾದರೆ ಕೊರತೆ ಇರೋ ಜಾತಿಯನ್ನು ಅದೇ ಮಳೆಗಾಲದಲ್ಲಿ ತುಂಬಿಸಿಕೊಳ್ಳಬಹುದು.

ಬಿಲ್ ಕೂಡ ಅಷ್ಟೇ ಮುಖ್ಯ. 'ಮೀನುಮರಿ ಹತ್ತು ಸಾವಿರ' ಅಂತ ಒಂದೇ ಸಾಲು ಬರೆದಿದ್ದರೆ ಆಮೇಲೆ ಯಾರನ್ನೂ ಕೇಳೋಕೆ ಬರಲ್ಲ. ಯಾವ ಜಾತಿ ಎಷ್ಟು, ಉದ್ದ ಎಷ್ಟು, ಎಲ್ಲಿ ಹುಟ್ಟಿದ ಮರಿ ಅನ್ನೋ ಮೂರು ವಿಷಯ ಬಿಲ್‌ನಲ್ಲಿ ಇರಲಿ. ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಫೋಟೊ ಮೊಬೈಲ್‌ನಲ್ಲಿ ಇರಲಿ. ಅನುಮಾನ ಬಂದರೆ ತಾಲ್ಲೂಕು ಮೀನುಗಾರಿಕೆ ಇಲಾಖೆ ಕಚೇರಿಗೆ ಆ ಫೋಟೊ ತೋರಿಸಿ ಕೇಳೋಕೆ ದುಡ್ಡು ಕೊಡಬೇಕಾಗಿಲ್ಲ.

ಕೆರೆಯ ಸ್ವಂತ ಮಕ್ಕಳ ಕಥೆ

ತಂದು ಬಿಡೋ ಮರಿಯ ಬಗ್ಗೆ ಇಷ್ಟು ಮಾತಾಡಿದ ಮೇಲೆ, ಇಲ್ಲೇ ಹುಟ್ಟೋ ಮರಿಗಳ ಬಗ್ಗೆ ಹೇಳದಿದ್ದರೆ ಲೆಕ್ಕ ಪೂರ್ತಿಯಾಗಲ್ಲ. ಯಾಕಂದ್ರೆ ಗುರುತಿಲ್ಲದೆ ಆಗೋ ನಷ್ಟ ಅಲ್ಲೂ ಇದೆ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮೊದಲ ದೊಡ್ಡ ಮಳೆಗೆ ಹತ್ತುಮೀನು ಅನ್ನೋ ಸಂಭ್ರಮ ಎಲ್ಲರಿಗೂ ಗೊತ್ತು. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಏರಿ ಬರುತ್ತೆ. ಅವು ಬರೋದು ಮೊಟ್ಟೆ ಇಡೋಕೆ. ಕೆಲವು ವಾರದ ನಂತರ ಅದೇ ದಾರಿಯಲ್ಲಿ ಮರಿಗಳು ಇಳಿದು ಹೋಗುತ್ತವೆ. ಏರೋ ತಾಯಿಯನ್ನೂ ಹಿಡಿದು, ಇಳಿಯೋ ಮರಿಯನ್ನೂ ಸೊಳ್ಳೆಪರದೆಯಲ್ಲಿ ಬಾಚಿದರೆ ಹೊಳೆಗೆ ವಾಪಸ್ ಹೋಗೋದು ಏನು? ಸಣ್ಣ ಮೀನು ಅಂತ ಹುರಿದು ತಿನ್ನೋ ಬುಟ್ಟಿಯಲ್ಲಿ ಎರಡು ಥರದ ಮೀನು ಇರುತ್ತೆ. ಒಂದು, ಎಷ್ಟೇ ಬೆಳೆದರೂ ಅಷ್ಟೇ ಇರೋ ಪುಟ್ಟ ಜಾತಿ. ಇನ್ನೊಂದು, ಬಿಟ್ಟಿದ್ದರೆ ಕೆಜಿಗಟ್ಟಲೆ ಬೆಳೀತಿದ್ದ ದೊಡ್ಡ ಮೀನಿನ ಎಳೆಮರಿ. ನೋಡೋಕೆ ಎರಡೂ ಒಂದೇ ಅಳತೆ. ಸುಲಭದ ಸುಳಿವು ಅಂದರೆ, ಬೆರಳುದ್ದದಲ್ಲೇ ಹೊಟ್ಟೆಯಲ್ಲಿ ಮೊಟ್ಟೆ ತುಂಬಿದ್ದರೆ ಅದು ಪುಟ್ಟ ಜಾತಿಯ ದೊಡ್ಡ ಮೀನು.

ಕೊರವ, ಕುಚ್ಚು ಮೀನಿನ ಮರಿ ಗುರುತಿಸೋಕೆ ಮಾತ್ರ ಯಾವ ತಟ್ಟೆಯೂ ಬೇಡ. ಕೆರೆಯ ಅಂಚಿನಲ್ಲಿ ಕೆಂಪು-ಕಿತ್ತಳೆ ಬಣ್ಣದ ಮರಿಗಳ ಹಿಂಡು ಒಟ್ಟಾಗಿ ಮೇಲೆ ಬಂದು, ಗಾಳಿ ಕುಡಿದು, ಮುಳುಗೋದನ್ನು ದನ ಮೇಯಿಸಿದವರೆಲ್ಲ ನೋಡಿರ್ತಾರೆ. ಆ ಹಿಂಡಿನ ಕೆಳಗೇ ಕಾವಲಿಗೆ ತಂದೆ-ತಾಯಿ ಇರುತ್ತೆ. ಗಾಳ ಹಾಕೋರಿಗೂ ಇದು ಗೊತ್ತು, ಅದಕ್ಕೇ ಅಲ್ಲೇ ಗಾಳ ಬೀಳುತ್ತೆ. ಕಾವಲಿನ ಒಂದು ಮೀನು ಹೋದರೆ ಉಳಿದ ನೂರಾರು ಮರಿ ಬೇರೆ ಮೀನಿಗೆ, ಹಕ್ಕಿಗೆ ಊಟ. ಸಂತೆಯಲ್ಲಿ ಒಳ್ಳೆ ದರ ಸಿಗೋ ಮೀನು ಇದು, ಮರಿಗೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ಆ ಮೂರು-ನಾಲ್ಕು ವಾರ ಸುಮ್ಮನಿದ್ದರೆ ಸಾಕು. ಇನ್ನು ಡೈನಮೈಟ್, ವಿಷ ಹಾಕೋದಂತೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಅದರಲ್ಲಿ ದೊಡ್ಡ ಮೀನು ನಾಲ್ಕು ತೇಲಿದರೆ, ಕಣ್ಣಿಗೇ ಕಾಣದ ಮರಿ ಸಾವಿರ ಸಾಯುತ್ತೆ.

ಮುಂದೇನು?

ದೊಡ್ಡ ಯೋಜನೆ, ದೊಡ್ಡ ದುಡ್ಡು ಬೇಕಾದ ವಿಷಯ ಇದಲ್ಲ. ಮರಿ ಬಿಡೋ ದಿನ ಪಂಚಾಯಿತಿಯ ಒಬ್ಬ ಸದಸ್ಯ, ಸಂಘದ ಇಬ್ಬರು, ಒಂದು ಬಿಳಿ ತಟ್ಟೆ, ಒಂದು ಸ್ಕೇಲ್, ಒಂದು ನೋಟ್‌ಬುಕ್. ಮೂವತ್ತು ಮರಿ ನೋಡಿ ಯಾವುದು ಎಷ್ಟು ಅಂತ ಬರೆದು ಸಹಿ ಹಾಕಿದರೆ ಮುಂದಿನ ವರ್ಷದ ಮಾತುಕತೆಗೆ ಆಧಾರ ಸಿಗುತ್ತೆ. ಮೂರು ವರ್ಷ ಬರೆದರೆ ಯಾರ ಮರಿ ಸರಿ, ಯಾರದ್ದು ಸರಿ ಇಲ್ಲ ಅಂತ ಊರಿಗೇ ಗೊತ್ತಾಗುತ್ತೆ. ಹೈಸ್ಕೂಲ್ ವಿಜ್ಞಾನದ ಮಕ್ಕಳನ್ನು ಆ ದಿನ ಕೆರೆಗೆ ಕರೆದುಕೊಂಡು ಹೋದರೆ ಅವರ ಕಣ್ಣು ದೊಡ್ಡವರ ಕಣ್ಣಿಗಿಂತ ಚುರುಕಾಗಿ ಕೆಲಸ ಮಾಡುತ್ತೆ.

ಇಲಾಖೆ ಕಡೆಯಿಂದ ಆಗಬೇಕಾದ್ದು ಎರಡೇ. ಪ್ರತಿ ಮಾರಾಟದಲ್ಲೂ ಜಾತಿ ಮತ್ತು ಉದ್ದ ಬರೆದ ಚೀಟಿ, ಪ್ರತಿ ತಾಲ್ಲೂಕು ಕಚೇರಿಯಲ್ಲೂ ಹಂತ ಹಂತದ ಮರಿಗಳ ಬಣ್ಣದ ಚಿತ್ರಪಟ ಕನ್ನಡದಲ್ಲಿ.

ಈ ಸಲ ಕೆರೆ ಏರಿ ಮೇಲೆ ಪಿಕಪ್ ಬಂದು ನಿಂತಾಗ ಫೋಟೊ ತೆಗೆಸಿಕೊಳ್ಳಿ, ತಪ್ಪಿಲ್ಲ. ಆದರೆ ಮೊದಲ ಫೋಟೊ ತಟ್ಟೆಯಲ್ಲಿರೋ ಮರಿಯದ್ದಾಗಿರಲಿ.